ಕೆಂಪು ರವಿಕೆ ಕಣದಲ್ಲಿ ಇಂಗ್ಲಿಷ್ ನಿಧಿ

ಮಕ್ಕಳಿಗೆ ಕಥೆ ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ಇಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಈ ನಂಬಿಕೆಗೆ ಯಾವ ಆಧಾರವೂ ಇರಲಿಲ್ಲ. ಆದ್ದರಿಂದಲೇ ಅದು ಅಷ್ಟು ಗಟ್ಟಿಯಾಗಿತ್ತು.

ದೊಡ್ಡಬೆಳವಂಗಲದ ಹತ್ತಿರ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಾಲ್ಕನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ತರಗತಿಯಲ್ಲಿ ಇರುವುದೇ ಎಂಟು ಮಕ್ಕಳು. ಅವರಲ್ಲಿ ಸಿಂಚನ ಎಂಬ ಹುಡುಗಿಯ ಅಪ್ಪ ಮುನಿರಾಜು ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುತ್ತಾರೆ. ಒಂದು ದಿನ ಶಾಲೆಗೆ ಬಂದು ನೇರವಾಗಿ ಹೇಳಿಬಿಟ್ಟರು.

"ಮೇಡಂ, ದಿನಾ ಇಂಗ್ಲಿಷ್ ಮಾತಾಡೋರನ್ನ ಕೂರಿಸ್ಕೊಂಡು ಹೋಗ್ತೀನಿ. 'ಯಸ್ ಸರ್' ಬಿಟ್ರೆ ನಂಗೆ ಇನ್ನೊಂದ್ ಮಾತು ಬರಲ್ಲ. ನನ್ ಮಗ್ಳು ಹಂಗಾಗ್ಬಾರ್ದು. ಈ ತಿಂಗ್ಳು ನೋಡ್ತೀನಿ. ಆಗ್ಲಿಲ್ಲಾಂದ್ರೆ ಟಿ.ಸಿ. ಕೊಟ್ಬಿಡಿ, ಕಾನ್ವೆಂಟ್ ವ್ಯಾನ್ ಹತ್ತಿಸ್ತೀನಿ."

ಒಬ್ಬಳು ವ್ಯಾನ್ ಹತ್ತಿದರೆ ಉಳಿದವರ ಅಪ್ಪಂದಿರೂ ಸುಮ್ಮನಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ಎಂದರೆ ನನಗೆ ಪ್ರಾಣ. ಅವಳನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಹೀಗೆ ರೋಚಕ ಕಥೆಗಳ ಮಹಾ ಅಭಿಯಾನ ಆರಂಭವಾಯಿತು. ಮೊದಲು ಹಿಮದಲ್ಲಿ ದಾರಿ ತಪ್ಪಿದ ಕರಡಿಯ ಕಥೆ. ಎರಡು ಪುಟ ಮುಗಿಯುವುದರೊಳಗೆ ಎಂಟೂ ಮಕ್ಕಳು ಆಕಳಿಸಿದರು. ಆಮೇಲೆ ದೆವ್ವದ ಕಥೆ. ಇದು ಭರ್ಜರಿಯಾಗಿ ಗೆದ್ದಿತು! ಎಷ್ಟೆಂದರೆ, ಒಬ್ಬರು ಶೌಚಾಲಯಕ್ಕೆ ಹೊರಟರೆ ಎಂಟೂ ಜನ ಕೈ ಕೈ ಹಿಡಿದುಕೊಂಡು ಹೊರಡುತ್ತಿದ್ದರು. ಮೂರು ದಿನ ನಾನು ಖಾಲಿ ಬೆಂಚುಗಳಿಗೆ ಪಾಠ ಮಾಡಿದೆ.

"ಕೇಳೋ ಕಥೆ ಸಾಕು ಕಣೇ, ಆಡೋ ಕಥೆ ಹುಡುಕು" ಎಂದರು ನಮ್ಮನೆಯವರು, ಟಿವಿಯಿಂದ ಕಣ್ಣು ತೆಗೆಯದೆ.

ಆಡುವ ಕಥೆ! ನಿಧಿ ಹುಡುಕುವ ಕಥೆಯೊಂದನ್ನು ನಾನೇ ಬರೆದೆ. ಇಂಗ್ಲಿಷ್ ನಕ್ಷೆ ಓದಲು ಬರುವವರಿಗೆ ಮಾತ್ರ ನಿಧಿ ಎಂದು ಸಾರಿದೆ. ಆ ಆಸೆಗೆ ಮಕ್ಕಳು ಒಂದು ವಾರ ಊಟದ ತಟ್ಟೆ ಹಿಡಿದುಕೊಂಡೇ ಪದ ಕಲಿತರು. "ನಿಧಿ ನಾಳೆ" ಎಂದು ಅವರನ್ನು ಮನೆಗೆ ಕಳಿಸಿ, ಶಾಲೆಯ ಹಿಂದಿನ ಹೊಂಗೆ ಮರದ ಬುಡದಲ್ಲಿ ಗುಂಡಿ ತೋಡಿದೆ.

ಡಬ್ಬಿಯಲ್ಲಿ ಎಂಟು ಕೊಬ್ಬರಿ ಮಿಠಾಯಿ. ನಿಧಿ ಎಂದ ಮೇಲೆ ಕಳೆ ಬೇಡವೇ? ಹಬ್ಬದ ತಾಂಬೂಲದಲ್ಲಿ ಬಂದು ಬೀರುವಿನಲ್ಲಿ ಬಿದ್ದಿದ್ದ ಕೆಂಪು ರವಿಕೆ ಕಣವನ್ನು ಸುತ್ತಿದೆ. ಇರುವೆ ಬಾರದಿರಲಿ ಎಂದು ಸುತ್ತಲೂ ಧಾರಾಳವಾಗಿ ಅರಿಶಿನ ಸುರಿದೆ. ಮೇಲೊಂದು ಇಂಗ್ಲಿಷ್ ಚೀಟಿ. ನಿಧಿಯ ಕಥೆಗೆ ತಲೆಬುರುಡೆ ಬೇಕೇ ಬೇಕಲ್ಲ, ಅದನ್ನು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬಿಡಿಸಿದೆ. ಹಂಚಿಕೊಳ್ಳುವಾಗ ಜಗಳವಾಗಬಾರದೆಂದು ಅದರ ಕೆಳಗೆ ಎಂಟೂ ಮಕ್ಕಳ ಹೆಸರು ಬರೆದೆ. ಎಲ್ಲವನ್ನೂ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದೆ.

ಗುಂಡಿ, ಅರಿಶಿನ, ಕೆಂಪು ಬಟ್ಟೆ, ಬುರುಡೆ, ಮಕ್ಕಳ ಹೆಸರು. ಇಷ್ಟೂ ಒಂದೇ ಕಡೆ ಸೇರಿದರೆ ಊರವರು ಅದನ್ನು ಏನೆನ್ನುತ್ತಾರೆ ಎಂಬುದು ಇದೇ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯಲೇ ಇಲ್ಲ!

ಮರುದಿನ ಬಸ್ಸಿಳಿದು ಬಂದಾಗ ಅರ್ಧ ಊರು ಹೊಂಗೆ ಮರದ ಕೆಳಗೆ ನಿಂತಿತ್ತು. ಕೊಬ್ಬರಿ ವಾಸನೆಗೆ ಯಾವುದೋ ನಾಯಿ ಗುಂಡಿ ಕೆದಕಿತ್ತು. ಅಮ್ಮಂದಿರು ಮಕ್ಕಳನ್ನು ಗೇಟಿನ ಹೊರಗೇ ಹಿಡಿದುಕೊಂಡಿದ್ದರು.

"ಮಾಟ ಮಾಡ್ಸವ್ರೆ ಮೇಡಂ!" ಎಂದು ಬಿಸಿಯೂಟ ಮಾಡುವ ಜಯಮ್ಮ ಓಡಿ ಬಂದರು. "ಇವತ್ತು ನಾನಂತೂ ಒಲೆ ಹಚ್ಚಲ್ಲ."

ಸತ್ಯ ಹೇಳಲು ಅದು ಪ್ರಶಸ್ತವಾದ ಸಮಯವಾಗಿತ್ತು. ನಾನು ಹೇಳಿದ್ದು, "ಛೆ ಛೆ! ಎಂಥೆಂಥಾ ಜನ ಇರ್ತಾರಪ್ಪಾ!"

ಜಯಮ್ಮ ಕಡ್ಡಿಯಿಂದ ಬಟ್ಟೆಯನ್ನು ಎತ್ತಿ ನೋಡಿದರು. ತಿರುಗಿಸಿ ಇನ್ನೊಮ್ಮೆ ನೋಡಿದರು.

"ಈ ಕಣ ನಾನೇ ಕೊಟ್ಟಿದ್ದಲ್ವಾ ಮೇಡಂ? ಗೌರಿ ಹಬ್ಬದಾಗೆ! ಹೊಲಿಸ್ಕೊಂಡು ಹಾಕ್ಕೋತೀನಿ ಅಂದಿದ್ರಿ!"

ಅರ್ಧ ಊರು ನನ್ನ ಕಡೆ ತಿರುಗಿತು.

"ಅದು... ಇಂಗ್ಲಿಷ್ ಪಾಠ" ಎಂದೆ. ಇಷ್ಟು ಬಡಕಲು ಸಮಜಾಯಿಷಿಯನ್ನು ಈವರೆಗೆ ಯಾರೂ ಕೊಟ್ಟಿರಲಾರರು.

ಚೀಟಿ ಮುನಿರಾಜು ಕೈಯಲ್ಲಿತ್ತು. ಹೆಸರು ಓದುವಷ್ಟು ಇಂಗ್ಲಿಷ್ ಅವರಿಗೆ ಬರುತ್ತಿತ್ತು. "ಬುರುಡೆ ಕೆಳ್ಗೆ ನನ್ ಮಗ್ಳ ಹೆಸ್ರು! ಇದ್ಯಾವ ಪಾಠ ಮೇಡಂ? ತಿಂಗ್ಳೂ ಬೇಡ, ಗಿಂಗ್ಳೂ ಬೇಡ. ಇವತ್ತೇ ಟಿ.ಸಿ. ಕೊಡಿ!"

ಅಷ್ಟರಲ್ಲಿ ಸಿಂಚನ ಅಮ್ಮನ ಕೈ ಬಿಡಿಸಿಕೊಂಡು ಬಂದು, ಅಪ್ಪನ ಕೈಯಿಂದ ಚೀಟಿ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು.

"ದೀಸ್ ಏಯ್ಟ್ ಚಿಲ್ಡ್ರನ್ ಆರ್ ಬ್ರೇವ್. ದಿಸ್ ಟ್ರೆಷರ್ ಈಸ್ ದೇರ್ಸ್. ಶೇರ್ ಇಟ್ ಅಂಡ್ ಬಿ ಹ್ಯಾಪಿ."

ಎಲ್ಲೂ ತಡವರಿಸಲಿಲ್ಲ. ಆಮೇಲೆ ಊರಿಗೆಲ್ಲ ಬಿಡಿಸಿ ಹೇಳಿದಳು. "ನಾವು ಎಂಟೂ ಜನ ಧೈರ್ಯವಂತ್ರಂತೆ ಅಪ್ಪಾ. ಈ ನಿಧಿ ನಮ್ದೇ ಅಂತೆ. ಹಂಚ್ಕೊಂಡು ಖುಷಿಯಾಗಿರ್ಬೇಕಂತೆ. ಬುರುಡೆಗೆ ಹೆದರ್ಬೇಡ, ಅದು ಕಥೇದು. ಮಿಸ್ಸಿಗೆ ಚಿತ್ರ ಬರಿಯಕ್ಕೆ ಬರಲ್ಲ."

ಮುನಿರಾಜು ಮಗಳನ್ನೇ ನೋಡುತ್ತಾ ನಿಂತರು. "ಇನ್ನೊಂದ್ ಸಲ ಓದವ್ವಾ" ಎಂದರು. ಓದಿದಳು. ಮತ್ತೊಮ್ಮೆ ಓದಿಸಿದರು. ಅಷ್ಟು ಹೊತ್ತಿಗೆ ಅವರ ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು.

"ಟಿ.ಸಿ. ಬೇಡ ಬಿಡಿ ಮೇಡಂ" ಎಂದರು ಮೆಲ್ಲಗೆ. "ಆದ್ರೆ ಮುಂದಿನ್ ಕಥೆ ಯಾವ್ದು ಅಂತ ಒಂದಿನ ಮುಂಚೆ ಹೇಳ್ಬಿಡಿ."

ಡಬ್ಬಿ ತೆರೆಯಿತು, ಮಿಠಾಯಿ ಹಂಚಿಕೆಯಾಯಿತು. ಜಯಮ್ಮ ಒಲೆ ಹಚ್ಚಿದರು. ರವಿಕೆ ಕಣವನ್ನು ಮಾತ್ರ ಒಗೆದು ತಾವೇ ಇಟ್ಟುಕೊಂಡರು.

ಕಥೆ ಆರಿಸುವ ಅಹಂಕಾರವನ್ನು ಅಂದೇ ಆ ಗುಂಡಿಯಲ್ಲಿ ಮುಚ್ಚಿದೆ. ಮುಂದಿನ ವಾರ ಮಕ್ಕಳಿಗೇ ಬಿಟ್ಟೆ: "ನಿಮಗೆ ರೋಚಕ ಅನ್ನಿಸಿದ ಕಥೆ ನೀವೇ ಇಂಗ್ಲಿಷಿನಲ್ಲಿ ಬರೆದು ತನ್ನಿ." ಎಂಟು ನೋಟ್‌ಬುಕ್ ಬಂದವು. ಎಂಟರಲ್ಲೂ ಒಂದೇ ಕಥೆ: ನಾಯಿ, ಗುಂಡಿ, ಬೆವರುತ್ತಾ ನಿಂತ ಮಿಸ್! ನಾಲ್ಕು ಸಾಲು ಬರೆಯಲು ಅಳುತ್ತಿದ್ದವರು ಈಗ ಪುಟ ತಿರುಗಿಸಿ ಬರೆದಿದ್ದರು. ಅಭಿಮಾನ ಉಳಿಸಿಕೊಳ್ಳಲು ಕೆಂಪು ಪೆನ್ನು ಹಿಡಿದು ಸಿಂಚನಳ ಕಥೆಯಲ್ಲಿ ತಪ್ಪು ಹುಡುಕಲು ಕುಳಿತೆ. ಮೇಲಿಂದ ಕೆಳಗೆ ಓದಿದೆ, ಕೆಳಗಿಂದ ಮೇಲೆ ಓದಿದೆ. ಆ ಕಥೆಯಲ್ಲಿ ತಪ್ಪು ಮಾಡಿದವಳು ನಾನೊಬ್ಬಳೇ!