ದಲ್ಲಾಳಿ ಮೌನಿಯಾದದ್ದು

ನನ್ನಷ್ಟು ಬೇಗ ಯಾರೂ ಜ್ಞಾನಿಯಾಗಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಬೇರೆಯವರು ಹಿಮಾಲಯಕ್ಕೆ ಹೋಗಿ ಗಳಿಸಿದ್ದನ್ನು ನಾನು ಶಿರಾಳಕೊಪ್ಪದ ನಮ್ಮ ಮನೆಯ ಜಗುಲಿಯಲ್ಲೇ ಗಳಿಸಿದೆ. ಕಳೆದುಕೊಂಡದ್ದು ಇನ್ನೂ ಬೇಗ!

ನಯಾ ಪೈಸೆ ಬಂದ ಹೊಸತು. ನಾನು ದನದ ದಲ್ಲಾಳಿ. ಬರಿಗೈಲಿ ಬಂದು, ಬರೀ ಬಾಯಿಂದ ಹೆಂಚಿನ ಮನೆ ಕಟ್ಟಿದವನು. ಒಮ್ಮೆ ಬಳ್ಳಿಗಾವಿಯ ಗುಡಿಯಲ್ಲಿ ಒಬ್ಬ ಸಾಧುವನ್ನು ಕಂಡೆ. ಆತ ತುಟಿ ಪಿಟಕ್ಕೆನ್ನಲಿಲ್ಲ. ಆದರೂ ಜನ ಸಾಲುಗಟ್ಟಿ ಕಾಲಿಗೆ ಬೀಳುತ್ತಿದ್ದರು. ಆ ಮುಖದ ಶಾಂತಿ ನೋಡಿ ನನಗೆ ನಿಜಕ್ಕೂ ಎದೆ ತಣ್ಣಗಾಯಿತು. ಇಷ್ಟು ವರ್ಷ ಮಾತಾಡಿ ನನಗೆ ಸಿಕ್ಕಿದ್ದು ಗಂಟಲುನೋವು ತಾನೆ?

ಮನೆಗೆ ಬಂದವನೇ ಹೆಂಡತಿ ಗೌರಮ್ಮನಿಗೆ ಘೋಷಿಸಿದೆ: "ನಾಳೆಯಿಂದ ನಾನು ಮೌನಿ. ಲೋಕದ ವ್ಯವಹಾರ ಬಿಟ್ಟೆ."

"ಬಿಡ್ರಿ, ಪುಣ್ಯ ಬಂತು! ಎಮ್ಮೆನಾದ್ರೂ ನೆಮ್ಮದಿಯಾಗಿ ಹಾಲು ಕೊಡ್ತದೆ," ಅಂದಳು.

ಎಮ್ಮೆ ಅವಳ ತವರಿನ ಉಡುಗೊರೆ. ಅದನ್ನು ಬೈದರೂ ನನಗೆ ಊಟವಿಲ್ಲ.

ಕಾವಿ ಶಾಲು ಹೊದ್ದು, ಕಣ್ಣು ಮುಚ್ಚಿ ಕೂತೆ. ಮೂರನೇ ದಿನಕ್ಕೆ ಜಗುಲಿ ತುಂಬ ಜನ! "ಈ ಬಾಯಿ ಮುಚ್ಚಿದೆ ಅಂದ್ರೆ ಇದು ದೇವರ ಮಹಿಮೇನೇ ಸೈ" ಎಂದು ಕೈಮುಗಿದರು. ನಾನು ಗಂಭೀರವಾಗಿ ಉಸಿರೆಳೆದೆ.

ಆಗ ಬಂದ, ಎಮ್ಮೆ ಹುಡುಕಿಕೊಂಡು ಹೊಸಬಾಳೆಯ ಹನುಮಂತಪ್ಪ. ನಮ್ಮ ಸಂತೆಯಲ್ಲಿ ದನದ ಗುಣಗಾನ ಬಾಯಲ್ಲಿ. ಬೆಲೆ ಕುದುರಿಸುವುದು ಮಾತ್ರ ಹೆಗಲ ಮೇಲಿನ ವಲ್ಲಿಯ ಮರೆಯಲ್ಲಿ, ಒಬ್ಬರ ಬೆರಳು ಒಬ್ಬರು ಹಿಡಿದು. ದಲ್ಲಾಳಿ ಶಾಲು ಹೊದ್ದು ಸುಮ್ಮನೆ ಕೂತಿದ್ದಾನೆ, ಪಕ್ಕದಲ್ಲೇ ಎಮ್ಮೆ ಕಟ್ಟಿದೆ. ಅವನಿಗೆ ಇನ್ನೇನು ಅನ್ನಿಸಬೇಕು? ಮೆಲ್ಲಗೆ ಶಾಲಿನೊಳಗೆ ಕೈ ಹಾಕಿ ನನ್ನ ಬೆರಳು ಹಿಡಿದ!

ನನ್ನ ಮನಸ್ಸು ಪರಬ್ರಹ್ಮನಲ್ಲಿತ್ತು. ಬೆರಳುಗಳು ಮಾತ್ರ ಸಂತೆಗೆ ಹೋದವು. ಅವನು ಒತ್ತಿದ, ನಾನು ಕೊಡವಿದೆ. ಅವನು ಮತ್ತೊಂದು ಬೆರಳು ಸೇರಿಸಿದ, ನಾನು ಇನ್ನೂ ಒಂದು ಕೊಟ್ಟೆ. ಆಹಾ! ಮೂರು ದಿನ ಕಾದರೂ ಬಾರದ ಏಕಾಗ್ರತೆ ಆಗ ಬಂತು. ನಾನಿಲ್ಲ, ಜಗತ್ತಿಲ್ಲ, ಹಸಿವಿಲ್ಲ. ಸಮಾಧಿ ಎಂದರೆ ಅದೇ ಎಂದು ಇವತ್ತಿಗೂ ಪ್ರಮಾಣ ಮಾಡಿ ಹೇಳುತ್ತೇನೆ.

"ಆತು ಬಿಡ್ರಿ, ಮುಗೀತು," ಅಂದ ಹನುಮಂತಪ್ಪ.

ಕಣ್ಣು ಬಿಟ್ಟರೆ ಗೌರಮ್ಮನ ಎಮ್ಮೆ ಅವನ ಹಿಂದೆ ಅಂಗಳ ದಾಟುತ್ತಿದೆ!

"ನೋಡ್ರಪ್ಪ, ಎಮ್ಮೇನೂ ಬಿಟ್ಟುಕೊಟ್ಟರು! ಎಂಥ ವೈರಾಗ್ಯ!" ಎಂದು ಭಕ್ತರು ಅಡ್ಡಬಿದ್ದರು. ಬಾಯಿ ಬಿಟ್ಟರೆ ಜ್ಞಾನ ಹೋಗುತ್ತದೆ, ಬಿಡದಿದ್ದರೆ ಸಂಸಾರ! ಅಷ್ಟರಲ್ಲಿ ಗೌರಮ್ಮ ಬಾವಿಯಿಂದ ಕೊಡ ಹೊತ್ತು ಬಂದಳು. ಇನ್ನು ತಡೆಯಲಾಗಲಿಲ್ಲ. ಸ್ವಾಮಿಗಳ ಮೊದಲ ಉಪದೇಶಕ್ಕೆ ಎಲ್ಲರೂ ಕಿವಿಯಾದರು.

"ಏ ಹನುಮಂತಪ್ಪ, ಹಗ್ಗ ಬಿಡೋ! ಹಗ್ಗ ಮಾರಿಲ್ಲ!"

ಸಂತೆಯ ಪದ್ಧತಿ ಅದು. ಮಾರಿದವನು ದನ ಕೊಡಬೇಕು, ಹಗ್ಗವನ್ನಲ್ಲ. ನ್ಯಾಯವಾದ ಮಾತೇ. ಆದರೆ ಗೌರಮ್ಮ ಕೊಡ ಇಳಿಸಿದಳು.

"ಹಗ್ಗ ಮಾರಿಲ್ಲ? ಅಂದ್ರೆ ಎಮ್ಮೆ ಮಾರಿದ್ರಾ?"

ಹನುಮಂತಪ್ಪ ಪದ್ಧತಿಯಂತೆ ಹಗ್ಗ ಬಿಚ್ಚಿದ. ಎಮ್ಮೆ ನೆಟ್ಟಗೆ ಬಂದು ಗೌರಮ್ಮನ ಹಿಂದೆ ನಿಂತಿತು.

"ತಮ್ಮಾ, ಎಮ್ಮೆ ನಮ್ಮವ್ವ ನಂಗೆ ಕೊಟ್ಟಿದ್ದು," ಅಂದಳು ಅವಳು. "ನೀ ಯಾರ ಕೈ ಹಿಡಿದ್ಯೋ ಅವರನ್ನೇ ಹೊಡ್ಕೊಂಡು ಹೋಗು. ಹಗ್ಗ ಹೆಂಗೂ ಅಲ್ಲೇ ಐತಿ!"

ಭಕ್ತರು ಬಾಯಿಗೆ ಸೆರಗು, ವಲ್ಲಿ ಒತ್ತಿಕೊಂಡು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ನಾನು ಮಾತ್ರ ಧೈರ್ಯಗೆಡಲಿಲ್ಲ. ಎಮ್ಮೆ ಉಳಿಯಿತು, ಹಗ್ಗ ಉಳಿಯಿತು, ನಾನು ಹಿಡಿದ ರೇಟಂತೂ ಇಡೀ ಸೊರಬ ಸೀಮೆಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಆದ್ದರಿಂದ ಹೇಳುತ್ತೇನೆ, ಮೌನ ಹಿಡಿಯುವವರು ಮೊದಲು ಎರಡೂ ಕೈ ಕಟ್ಟಿಸಿಕೊಳ್ಳಿ.

ಹೊರಟಿದ್ದ ಹನುಮಂತಪ್ಪ ಬೇಲಿಯ ಹತ್ತಿರ ತಿರುಗಿ ನಿಂತ. ನಗುತ್ತಾ ಕೇಳಿದ: "ಅಲ್ರೀ ಅಣ್ಣಾರೆ, ಇನ್ನೂ ಎರಡು ಬೆರಳು ಹಿಡಿದಿದ್ರೂ ಕೊಡ್ತಿದ್ದೆ. ಅಷ್ಟಕ್ಕೇ ಯಾಕೆ ಒಪ್ಪಿಬಿಟ್ರಿ?"

ಸನ್ಯಾಸ ಹೋದದ್ದಕ್ಕೆ ನನಗೆ ದುಃಖವಾಗಲಿಲ್ಲ. ಆ ಮಾತಿಗೆ ಮಾತ್ರ ಎರಡು ದಿನ ಬಾಯಿಂದ ಮಾತೇ ಹೊರಡಲಿಲ್ಲ!