ಹಿಮದಲ್ಲಿ ನಿಂತ ದಂಡು

ಮೋಡ ಕವಿದ ದಿನ ವಾರ್ನಿಷ್ ಸಿಂಪಡಿಸಬಾರದೆಂಬುದು ಕನ್ನಡಕದಂಗಡಿಯವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ಅಂಥ ನಿಯಮಗಳೆಲ್ಲ ಕೈ ಪಳಗದವರಿಗೆ ಎಂದು ಅವನು ನಂಬಿದ್ದ.

ಹೆಬ್ಬೆರಳುದ್ದದ ಸೈನಿಕರಿಗೆ ಬಣ್ಣ ಹಚ್ಚುವುದು ಅವನ ಹುಚ್ಚು. ಅಂಥ ದಂಡುಗಳನ್ನು ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ದಾಳ ಉರುಳಿಸಿ ಯುದ್ಧವಾಡುವವರ ಸಂಘವೊಂದಿತ್ತು. ಅಂದು ಸಂಜೆ ಅಲ್ಲಿ ಯಾರ ದಂಡು ಚೆಂದವೆಂದು ನೋಡುವ ಸ್ಪರ್ಧೆ. ಗೆದ್ದ ದಂಡು ವರ್ಷವಿಡೀ ಸಂಘದ ಗಾಜಿನ ಬೀರುವಿನಲ್ಲಿ ನಿಲ್ಲುತ್ತದೆ. ಕೆಳಗೆ ಗೆದ್ದವರ ಹೆಸರಿನ ಫಲಕ.

ಆ ಫಲಕಕ್ಕಾಗಿ ಅವನು ಮಳೆಗಾಲ ಪೂರ್ತಿ ಬೆನ್ನು ಬಗ್ಗಿಸಿ ಕುಳಿತಿದ್ದ. ಮೊದಲು ಬಣ್ಣ ಕಚ್ಚಿಕೊಳ್ಳಲೆಂದು ಕಪ್ಪು ಪ್ರೈಮರ್, ಅದರ ಮೇಲೆ ಬಣ್ಣ. ಆಮೇಲೆ ಅಂಗಿಯ ನೆರಿಗೆಗಳಿಗೆ ತಾನಾಗಿ ಇಳಿದು ನೆರಳಾಗುವಂತೆ ನೀರು ಮಾಡಿದ ಕಂದು. ಕೊನೆಗೆ ಕುಂಚವನ್ನು ಬಟ್ಟೆಗೆ ಒರೆಸಿ, ಉಳಿದ ಚೂರು ಬಣ್ಣದಲ್ಲಿ ಅಂಚುಗಳನ್ನಷ್ಟೇ ಸವರುವುದು. ಸೇನಾಪತಿಯ ಕಣ್ಣಿಗೆ ರೆಪ್ಪೆಯನ್ನೂ ಬರೆದಿದ್ದ.

"ಈ ಸಲ ನಂದೇ," ಎಂದು ವಾರ್ನಿಷ್ ಡಬ್ಬಿ ಅಲ್ಲಾಡಿಸುತ್ತ ಬಾಲ್ಕನಿಗೆ ನಡೆದ.

"ಗಾಳಿ ತೇವ ಇದೆ ರೀ," ಎಂದಳು ಹೆಂಡತಿ. "ನಿನ್ನೆ ಒಗೆದ ಬಟ್ಟೇನೇ ಇನ್ನೂ ಒಣಗಿಲ್ಲ."

"ಬಟ್ಟೆ ಬೇರೆ, ಸೈನ್ಯ ಬೇರೆ ಕಣೇ."

ಬೇರೆಯಾಗಿರಲಿಲ್ಲ. ಸಿಂಪಡಿಸಿದ ವಾರ್ನಿಷ್ ತೇವಕ್ಕೆ ಕೆಟ್ಟು, ನೋಡನೋಡುತ್ತಿದ್ದಂತೆ ದಂಡಿನ ಮೇಲೆ ಬಿಳಿ ಮಂಕು ಕವಿಯಿತು. ಕೆಂಪಂಗಿ, ಹಿತ್ತಾಳೆ ಗುಂಡಿ, ಕಣ್ಣುರೆಪ್ಪೆ ಎಲ್ಲ ಮಾಯ. ಹಿಟ್ಟಿನ ಗಿರಣಿಯಲ್ಲಿ ದಿನವಿಡೀ ದುಡಿದು ಹೊರಬಂದವರ ಹಾಗೆ ಸೈನಿಕರು ಸಾಲಾಗಿ ನಿಂತಿದ್ದರು.

ಅವನು ಹಾಕಿದ ಕೂಗಿಗೆ ಮೇಲಿನ ಮಹಡಿಯ ಮೇಷ್ಟ್ರು ಓಡಿಬಂದರು. ಬಂದವರು ಕೇಳಲಿಲ್ಲ, ನಿಲ್ಲಲಿಲ್ಲ. ಅಲ್ಲೇ ಇದ್ದ ಟರ್ಪೆಂಟೈನ್‌ನಲ್ಲಿ ಕರವಸ್ತ್ರ ಅದ್ದಿ ಒಬ್ಬ ಸೈನಿಕನನ್ನು ಎಮ್ಮೆ ತೊಳೆದ ಹಾಗೆ ಉಜ್ಜಿದರು.

"ಅಯ್ಯೋ, ಮುಖಾನೇ ಹೋಯ್ತಲ್ಲ ಮೇಷ್ಟ್ರೇ!"

"ಮುಖ ಹೋದ್ರೆ ಹೋಗ್ಲಿ ಬಿಡಪ್ಪ. ಮಂಕೂ ಹೋಯ್ತಲ್ಲ!"

ಅಷ್ಟರಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ಬಾಮೈದ ಬಂದ. ಅವನದು ಬೇಕರಿ. ದಂಡನ್ನು ಸಾವಕಾಶವಾಗಿ ಒಂದು ಸುತ್ತು ಹಾಕಿ ನೋಡಿದ.

"ಭಾವ, ಇವರಿಗೆ ಏನೂ ಆಗಿಲ್ಲ. ಚಳಿ ಅಷ್ಟೆ. ಕಾಲಡಿಗೂ ಒಂದಿಷ್ಟು ಹಿಮ ಹಾಕಿಬಿಡಿ, ಸರಿಹೋಗುತ್ತೆ."

ಕನ್ನಡಕದಂಗಡಿಯವನಿಗೆ ಹೋದ ಜೀವ ಬಂದಂತಾಯಿತು. ಒಳಗೊಳಗೇ ಅದು ತನಗೇ ಹೊಳೆದದ್ದೆಂದೂ ಅನ್ನಿಸತೊಡಗಿತು. "ಆಯ್ತು, ನೆಲದ ಕೆಲಸ ನೀನು ನೋಡ್ಕೋ. ಸೈನಿಕರನ್ನ ಮಾತ್ರ ಮುಟ್ಟಬೇಡ."

ಬಾಮೈದ ಅಂಗಿಯ ತೋಳು ಮಡಚಿದ. ಪ್ರತಿ ಸೈನಿಕನ ಕಾಲಡಿಯ ಬಿಲ್ಲೆಗೆ ಅಂಟು ಸವರಿ, ಅಡುಗೆ ಸೋಡಾವನ್ನು ಸಣ್ಣ ಜರಡಿಯಲ್ಲಿ ಹಿಡಿದು, ಕೇಕಿನ ಮೇಲೆ ಸಕ್ಕರೆ ಉದುರಿಸುವ ಹಾಗೆ ಬೆರಳಿಂದ ತಟ್ಟಿದ. ಕಡ್ಡಿಯ ತುದಿಯಿಂದ ಬೂಟಿನ ಗುರುತು ಒತ್ತಿದ. ಹಳೆಯ ಬ್ರಷ್ಷಿನ ಕೂದಲು ಕತ್ತರಿಸಿ ಅಲ್ಲಲ್ಲಿ ಒಣಹುಲ್ಲು ನೆಟ್ಟ. ಮೇಷ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಯಾರೂ ಕೇಳದಿದ್ದರೂ ಮೇಲ್ವಿಚಾರಣೆ ನಡೆಸಿದರು.

ಸಂಜೆ ಮೂವರೂ ಸಂಘಕ್ಕೆ ಹೋದರು. ತೀರ್ಪು ಹೇಳುವವರು ಹಲ್ಲಿನ ಡಾಕ್ಟರಮ್ಮ. ಬಾಯೊಳಗೆ ಹಿಡಿಯುವ ಪುಟ್ಟ ಕನ್ನಡಿಯನ್ನೇ ತಂದು ಒಬ್ಬೊಬ್ಬ ಸೈನಿಕನ ಬೆನ್ನು, ಬಗಲು ಪರೀಕ್ಷಿಸುತ್ತ ಬಂದರು. ಹಿಮದ ದಂಡಿನ ಮುಂದೆ ಬಂದವರು ಅಲ್ಲಿಂದ ಕದಲಲೇ ಇಲ್ಲ.

"ಬಹುಮಾನ ಇದಕ್ಕೇ," ಎಂದರು.

ಚಪ್ಪಾಳೆ ಬಿತ್ತು. ಕನ್ನಡಕದಂಗಡಿಯವನು ಎದೆ ಸೆಟೆಸಿ ಮುಂದೆ ಬಂದ.

"ಬಣ್ಣದ ಕೆಲಸ ಮಂಕಲ್ಲಿ ಏನೂ ಕಾಣ್ತಿಲ್ಲ," ಎಂದು ಡಾಕ್ಟರಮ್ಮ ಮುಂದುವರಿಸಿದರು. "ಆದ್ರೆ ಈ ನೆಲ ನೋಡಿ! ನೋಡಿದ್ರೆ ಕಾಲು ಕೊರೆಯುತ್ತೆ. ಬಹುಮಾನ ಈ ನೆಲಕ್ಕೆ. ಇದನ್ನ ಮಾಡಿದ್ದು ನೀವೇ ತಾನೆ?"

ಅವನು ಹೂಂಗುಟ್ಟಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಮೇಷ್ಟ್ರು ಎದ್ದು ನಿಂತರು.

"ಅಲ್ಲ ತಾಯಿ, ಇವನ ಬಾಮೈದ! ಶುರುವಿಂದ ಕೊನೇವರೆಗೂ ಪಕ್ಕದಲ್ಲೇ ಕೂತು ನೋಡಿದೀನಿ. ಇವನು ಕೈ ಕೂಡ ಹಚ್ಚಲಿಲ್ಲ."

ದಂಡು ಗಾಜಿನ ಬೀರು ಸೇರಿತು. ಕೆಳಗಿನ ಫಲಕದಲ್ಲಿ ಬೇಕರಿಯವನ ಹೆಸರು ದಪ್ಪ ಅಕ್ಷರದಲ್ಲಿ ಏರಿತು. ಕನ್ನಡಕದಂಗಡಿಯವನು ಗಾಜಿಗೆ ಮೂಗು ತಾಗಿಸಿ ಸೇನಾಪತಿಯ ರೆಪ್ಪೆ ಹುಡುಕುತ್ತಿದ್ದಾಗ ಬಾಮೈದ ಬಂದು ಹೆಗಲ ಮೇಲೆ ಕೈಯಿಟ್ಟ.

"ಬೇಜಾರು ಮಾಡ್ಕೋಬೇಡಿ ಭಾವ. ಮುಂದಿನ ವರ್ಷಾನೂ ನನ್ನ ನೆಲದ ಮೇಲೆ ನಿಮ್ಮವರನ್ನೇ ನಿಲ್ಲಿಸ್ಕೊಳ್ತೀನಿ."