ಅಳು ಬಾರದ ಸೂಜಿ

ಹೊರಗೆ ಯಾರ ಮುಂದೆಯೂ ಬಾಯಿಬಿಡದ ಒಂದು ವಿಷಯವನ್ನು ನಿಮಗೆ ಹೇಳಿಬಿಡುತ್ತೇನೆ. ಹತ್ತೊಂಬತ್ತು ವರ್ಷಗಳಿಂದ ಮಕ್ಕಳಿಗೆ ಲಸಿಕೆ ಹಾಕಿಕೊಂಡೇ ಸಂಬಳ ತೆಗೆದುಕೊಳ್ಳುತ್ತಿರುವ ನರ್ಸು ನಾನು. ಆದರೂ ಶಾಲೆಯಲ್ಲಿ ಲಸಿಕೆ ಎಂದರೆ ಹಿಂದಿನ ದಿನದಿಂದಲೇ ನನಗೆ ಅನ್ನ ಸೇರುವುದಿಲ್ಲ. ಮಕ್ಕಳು ನನಗೆ ಹೆದರುವುದು ಊರಿಗೆಲ್ಲ ಗೊತ್ತು. ನಾನು ಅವರಿಗೆ ಹೆದರುವುದು ನನ್ನ ಯಜಮಾನರಿಗೆ ಮಾತ್ರ ಗೊತ್ತು. ಹಂಗಳದ ಸುತ್ತಮುತ್ತ ಊಟ ಮಾಡದ ಮಕ್ಕಳಿಗೆ ತಾಯಂದಿರು "ನರ್ಸಮ್ಮನ್ನ ಕರೀತೀನಿ ನೋಡು" ಎಂದು ನನ್ನ ಹೆಸರಿನಲ್ಲೇ ತುತ್ತು ಇಳಿಸುತ್ತಾರೆ. ಭಾನುವಾರ ಗುಂಡ್ಲುಪೇಟೆಯಲ್ಲಿ ನಾನು ನನ್ನ ಪಾಡಿಗೆ ಈರುಳ್ಳಿ ಆರಿಸುತ್ತಿದ್ದರೂ ಯಾವುದೋ ಮಗು ಗುರುತು ಹಿಡಿದು, ಅಮ್ಮನ ಸೆರಗಿಗೆ ನುಗ್ಗಿ, ಎಡತೋಳು ಮುಚ್ಚಿಕೊಳ್ಳುತ್ತದೆ. ಸಮಾಧಾನ ಮಾಡೋಣವೆಂದು ನಗುತ್ತೇನೆ. ನಕ್ಕರೆ ಇನ್ನೂ ಜೋರಾಗಿ ಅಳುತ್ತದೆ.

ಹೋದ ವರ್ಷ ಆ ಕಡೆಯ ಒಂದು ಶಾಲೆಗೆ ಐದನೇ ತರಗತಿಯ ಮಕ್ಕಳಿಗೆ ಧನುರ್ವಾಯು ಲಸಿಕೆ ಹಾಕಲು ಹೋಗಿದ್ದೆ. ಎಲ್ಲರನ್ನೂ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿ, "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೆ" ಎಂದು ಎಂದಿನ ಸುಳ್ಳನ್ನೇ ಹೇಳಿದೆ. ಒಬ್ಬ ಹುಡುಗ, "ಯಾವ ಇರುವೆ ಸಿಸ್ಟರ್? ಕಟ್ಟಿರುವೆನಾ, ಕೆಂಜಿಗನಾ?" ಎಂದು ಕೇಳಿದ. ಕಾಡಂಚಿನ ಮಕ್ಕಳ ಹತ್ತಿರ ಇರುವೆಯ ವಿಷಯದಲ್ಲಿ ಸುಳ್ಳು ಹೇಳಬಾರದೆಂದು ನನಗೆ ಹೊಳೆದಿರಲಿಲ್ಲ. ಮೊದಲನೆಯವನು ಕಿರುಚಿದ ಕಿರುಚಿಗೆ ಹಿಂದಿದ್ದ ಹತ್ತು ಹನ್ನೆರಡು ಮಕ್ಕಳು ಕಾಂಪೌಂಡು ಹಾರಿ ಪಕ್ಕದ ಚೆಂಡುಹೂವಿನ ಹೊಲಕ್ಕೆ ನುಗ್ಗಿದರು. ಆ ಕಡೆಯಿಂದ ಮೇಷ್ಟ್ರು, ಈ ಕಡೆಯಿಂದ ನಾನು, ಇಬ್ಬರ ಹಿಂದೆ "ಹೂವ ತುಳೀಬ್ಯಾಡಿ ಕಣ್ರಪ್ಪೋ" ಎಂದು ಹೊಲದ ಯಜಮಾನ. ಈಗ ನಗು ಬರುತ್ತದೆ. ಆದರೆ ನಾವು ವಾಪಸು ಬಂದಾಗ, ಓಡಿಹೋಗದೆ ನನ್ನ ಮಾತು ನಂಬಿ ನಿಂತಿದ್ದ ಒಬ್ಬಳು ಹುಡುಗಿ ಜಗಲಿಯ ಮೇಲೆ ಬಿದ್ದಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ನಿಂತು ನಿಂತು, ಹೆದರಿ, ತಲೆ ಸುತ್ತಿತ್ತು. ಹಣೆಯಲ್ಲಿ ನಿಂಬೆಹಣ್ಣಿನಷ್ಟು ಬುಗುಟು. ಸ್ವಲ್ಪ ಹೊತ್ತಿಗೆ ಎದ್ದು ಕುಳಿತಳು, ಬಿಸ್ಕತ್ತು ತಿಂದಳು, ನಕ್ಕಳು ಕೂಡ. ಅವಳ ಬುಗುಟು ಎರಡು ದಿನಕ್ಕೆ ಇಳಿದಿರಬೇಕು. ನನಗೆ ಮಾತ್ರ ಇಳಿದಿರಲಿಲ್ಲ.

ಅದಕ್ಕೇ ಈ ವರ್ಷ ಅದೇ ಶಾಲೆಯ ಸರದಿ ಬಂದಾಗ ಹೆಡ್‌ಮೇಷ್ಟ್ರು ಶಿವಮಲ್ಲಪ್ಪನವರಿಗೆ ಮೊದಲೇ ಫೋನು ಮಾಡಿದೆ. ಮಕ್ಕಳ ಬಿಸಿಯೂಟ ಮುಗಿದ ಮೇಲೆಯೇ ಲಸಿಕೆ. ಸಾಲು ಬೇಡ. ಎರಡು ಬಾಗಿಲಿರುವ ಕೊಠಡಿ ಕೊಡಿ. ಈ ಬಾಗಿಲಲ್ಲಿ ಬಂದ ಮಗು ಆ ಬಾಗಿಲಲ್ಲಿ ಹೋಗಲಿ, ಕಾಯುವವರ ಕಣ್ಣಿಗೆ ಸೂಜಿ ಬೀಳುವುದು ಬೇಡ ಎಂದೆ. "ಅಲ್ಲಾ ಸಿಸ್ಟರ್, ಒಂದು ಸೂಜಿಗೆ ಮದ್ವೆ ಮನೆ ಏರ್ಪಾಡು ಮಾಡುಸ್ತೀರಲ್ಲ" ಎಂದರು. ಹಾಗೆಂದರೂ ಕಿಟಕಿಗೆ ತಾವೇ ನಿಂತು ಪರದೆ ಕಟ್ಟಿಸಿದ್ದರು.

ತರಗತಿಗೆ ಹೋಗಿ ಮಕ್ಕಳಿಗೆ ಈ ಸಲ ನಿಜ ಹೇಳಿದೆ. "ನೋವಾಗುತ್ತೆ. ಆದರೆ ಒಂದೇ ಗಳಿಗೆ. ಚುಚ್ಚೋ ಮೊದಲು ನಾನೇ ಹೇಳ್ತೀನಿ. ಅಳು ಬಂದರೆ ಅಳಿ, ಯಾರೂ ನಗಬಾರದು." ಎರಡು ಮೂರು ತಲೆಗಳು ಮೆಲ್ಲಗೆ ಕಾಂಪೌಂಡಿನ ಕಡೆ ತಿರುಗಿದವು. ಸುಳ್ಳೇ ವಾಸಿಯಿತ್ತೇನೋ ಎನ್ನಿಸಿತು. ಆಗ ಸಿಂಚನಾ ಎಂಬ ಪುಟ್ಟ ಹುಡುಗಿ ಎದ್ದು, "ನಾನೇ ಮೊದ್ಲು ಬತ್ತೀನಿ. ಮುಗ್ದೋಗ್ಬುಡ್ಲಿ" ಎಂದಳು.

ಕುರ್ಚಿಯ ಮೇಲೆ ಕುಳಿತವಳ ಕೈ ಮಂಜಿನಂತಿತ್ತು. ನನ್ನದೂ ಹಾಗೇ ಇತ್ತು. ತೋಳು ಸಡಿಲ ಬಿಡು ಎಂದು ಹೇಳಿ, ಮನೆಯಲ್ಲಿ ಏನು ಸಮಾಚಾರ ಎಂದು ಕೇಳಿದೆ.

"ಮೊನ್ನೆ ನಮ್ಮ ತ್ವಾಟಕ್ಕೆ ಆನೆ ಬಂದಿತ್ತು."

"ಅಯ್ಯೋ! ಎಷ್ಟು ದೊಡ್ಡದು?"

"ಇಸ್ಕೂಲಿನಷ್ಟು. ಬಾಳೆ ಎಲ್ಲಾನೂವೆ ಮುರ್ದಾಕ್ತು. ಅಪ್ಪ ಪಟಾಕಿ ಹಚ್ದ."

"ಈಗ ಚುಚ್ತೀನಿ ಕಣಮ್ಮ, ಉಫ್ ಅಂತ ಉಸಿರು ಬಿಡು. ಪಟಾಕಿ ಹಚ್ಚಿದ ಮೇಲೆ?"

ಅವಳು ಉಸಿರು ಬಿಟ್ಟಳು, ಹುಬ್ಬು ಗಂಟಿಕ್ಕಿದಳು. ನಾನು ಹತ್ತಿ ಒತ್ತಿದೆ. "ಆಗ್ಲೇ ಆಕ್ಬುಟ್ರಾ?" ಎಂದಳು, ಸ್ವಲ್ಪ ಬೇಸರದಿಂದ. "ಆನೆ ಇನ್ನೂ ಓಗೇ ಇಲ್ವಲ್ಲ ಸಿಸ್ಟರ್!"

ಇಪ್ಪತ್ತೆರಡು ಮಕ್ಕಳಲ್ಲಿ ಇಬ್ಬರು ಅತ್ತರು. ಒಬ್ಬಳು ಗೆಳತಿಯ ಕೈ ಹಿಡಿದುಕೊಂಡೇ ಹಾಕಿಸಿಕೊಂಡಳು. ಯಾರೂ ಓಡಲಿಲ್ಲ, ಯಾರೂ ಬೀಳಲಿಲ್ಲ. ಇನ್ನೇನು ಬೇಕು ಎನ್ನುತ್ತೀರಿ. ಆದರೆ ಕಿರುಚಾಟವೇ ಇಲ್ಲದೆ ಲಸಿಕೆ ಮುಗಿದದ್ದು ನನ್ನ ಸರ್ವೀಸಿನಲ್ಲಿ ಇದೇ ಮೊದಲು. ಏನನ್ನೋ ಮರೆತುಬಿಟ್ಟಿದ್ದೇನೆ ಎನ್ನಿಸಲು ಶುರುವಾಯಿತು. ಬಳಸಿದ ಸಿರಿಂಜುಗಳಿಗೂ ರಿಜಿಸ್ಟರಿಗೂ ಎರಡು ಸಲ ತಾಳೆ ನೋಡಿದೆ. ಮಕ್ಕಳನ್ನು ಅರ್ಧ ಗಂಟೆ ಅಲ್ಲೇ ಕೂರಿಸಿ ಅವರ ನಡುವೆ ಓಡಾಡಿದೆ. ಒಬ್ಬ ತಲೆ ಬಗ್ಗಿಸಿದ್ದು ಕಂಡು ಓಡಿ ಹೋಗಿ "ತಲೆ ಸುತ್ತುತ್ತಾ ಮರಿ?" ಎಂದೆ. "ಇಲ್ಲ ಸಿಸ್ಟರ್, ಶೂ ಕಟ್ಕತಾ ಇವ್ನಿ" ಎಂದ.

ಐಸ್ ಪೆಟ್ಟಿಗೆ ಎತ್ತಿಕೊಂಡು ಗೇಟು ದಾಟುವಷ್ಟರಲ್ಲಿ ಸಿಂಚನಾಳ ಅಜ್ಜಿ ಪುಟ್ಟಮಾದಮ್ಮ ಮೊಮ್ಮಗಳ ಕೈ ಹಿಡಿದು ಅಡ್ಡ ನಿಂತರು.

"ಏನವ್ವಾ ನರ್ಸಮ್ಮ, ನಮ್ಮ ಕೂಸು ಅಳ್ನೇ ಇಲ್ವಂತೆ? ಸೂಜಿ ಸರ್ಯಾಗಿ ಆಕುದ್ಯೋ, ಸುಮ್ಕೆ ಮುಟ್ಸಿ ಕಳಿಸ್ಬುಟ್ಯೋ?"

"ಪೂರ್ತಿ ಹಾಕಿದ್ದೀನಿ ಅಜ್ಜಿ. ನೋವಾಗದ ಹಾಗೆ ಹಾಕಿದ್ದೀನಿ."

"ನೋವಾಗ್ದೆ ಇದ್ರೆ ಔಸ್ದಿ ಎಂಗೆ ಒಳೀಕೆ ಓಯ್ತದೆ? ನಮ್ಮ ಕಾಲ್ದಲ್ಲಿ ಸೂಜಿ ಆಕುದ್ರೆ ಮೂರು ಬೀದಿಗೆ ಕೇಳ್ತಿತ್ತು. ಇನ್ನೊಂದು ಆಕ್ಬುಡು, ನಾನು ಗಟ್ಯಾಗಿ ಇಡ್ಕತೀನಿ."

ಸಿಂಚನಾ ನನ್ನ ಹಿಂದೆ ಬಂದು ಅವಿತುಕೊಂಡಳು. ಮಗುವೊಂದು ನನ್ನಿಂದ ಓಡದೆ ನನ್ನ ಹಿಂದೆಯೇ ಅವಿತುಕೊಂಡದ್ದು! ಆ ಹೆಮ್ಮೆಯಲ್ಲಿ ಅಜ್ಜಿಗೆ ಧೈರ್ಯವಾಗಿಯೇ ಬುದ್ಧಿ ಹೇಳಿ ಕಳಿಸಿದೆ. ಬಸ್ಸು ಹತ್ತಿದ ಮೇಲೆ ಧೈರ್ಯ ಇಳಿಯಿತು. ಅಜ್ಜಿಯ ಅನುಮಾನವೇ ನನಗೂ ಹತ್ತಿಕೊಂಡಿತ್ತು. ಇಷ್ಟು ವರ್ಷ ಮಕ್ಕಳ ಅಳುವನ್ನೇ ರಸೀತಿ ಎಂದುಕೊಂಡಿದ್ದವಳು ನಾನೂ ತಾನೆ?

ಮಾರನೆಯ ಬೆಳಿಗ್ಗೆ ಯಜಮಾನರೂ ನಾನೂ ಕಾಫಿ ಕುಡಿಯುತ್ತಿದ್ದಾಗ ಫೋನು ಬಂತು. "ನರ್ಸಮ್ಮಾ, ನಾನು ಕಣವ್ವ, ಸಿಂಚನನ ಅಜ್ಜಿ. ಕೂಸ್ಗೆ ಮೈ ಬೆಚ್ಗಾಗ್ಯದೆ, ತೋಳೂ ವಸಿ ಊದ್ಕಂಡದೆ" ಎಂದರು. ದನಿಯಲ್ಲಿ ಹಬ್ಬದ ಸಂಭ್ರಮ. "ಔಸ್ದಿ ಒಳೀಕೋಗ್ಯದೆ ಬುಡು. ನೀನು ಒಳ್ಳೇವ್ಳೇ."

ಮಗು ಆಡುತ್ತಿದೆಯೇ, ತಿಂಡಿ ತಿಂದಿತೇ ಎಂದು ವಿಚಾರಿಸಿದೆ. ತಿಂದು ಶಾಲೆಗೆ ಹೊರಟಿದ್ದಾಳೆ ಎಂದರು. ಜ್ವರ ಜಾಸ್ತಿಯಾದರೆ ಕೂಡಲೇ ಹೇಳಬೇಕೆಂದು ತಿಳಿಸಿ ಫೋನು ಇಟ್ಟೆ. ಎದೆಯ ಮೇಲಿಂದ ಮೂಟೆ ಇಳಿದಂತಾಗಿ ಮುಖದ ತುಂಬ ನಗು.

"ಏನು ಬೆಳಬೆಳಿಗ್ಗೆ ಇಷ್ಟು ಸಂತೋಷ?" ಎಂದು ಯಜಮಾನರು ಕೇಳಿದರು.

"ಒಂದು ಮಗುವಿಗೆ ಜ್ವರ ಬಂದಿದೆಯಂತೆ" ಎಂದೆ.

ಅವರು ನನ್ನನ್ನೇ ಒಂದು ಕ್ಷಣ ನೋಡಿ, ಕಾಫಿ ಲೋಟ ಎತ್ತಿಕೊಂಡು, ಮೆಲ್ಲಗೆ ಎದ್ದು ಹೊರಗೆ ಹೋದರು.